ಈಶ್ವರಿ ಬಳ್ಳಿಯನ್ನೆಲ್ಲ ತಿಂದು ಹಾಕುತ್ತಿರುವ ಕೆಂಪು ಹುಳ. ಮದ್ದು ಹೊಡೆಯಲೋ ಬೇಡವೋ?

ಬೈಲುಮನೆ ಅಕ್ಕ, ಜುಲೈ 14

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮೂವತ್ತು ವರ್ಷ ಮಕ್ಕಳಿಗೆ ಅ ಆ ಇ ಈ ತಿದ್ದಿಸಿ ಈಗ ಮನೆಯಲ್ಲಿದ್ದೇನೆ.

ಬಚ್ಚಲುಮನೆ ಹಿಂದಿನ ದರೆಯ ಮೇಲೆ ಒಂದು ಈಶ್ವರಿ ಬಳ್ಳಿ ಇದೆ. ನಮ್ಮ ಅತ್ತೆ ಎಲ್ಲಿಂದಲೋ ತಂದು ನೆಟ್ಟಿದ್ದು. ಆ ಬಳ್ಳಿ ಇದ್ದಲ್ಲಿ ಹಾವು ಸುಳಿಯುವುದಿಲ್ಲ ಅಂತ ಅವರ ನಂಬಿಕೆ. ಅತ್ತೆ ಹೋಗಿ ಹನ್ನೊಂದು ವರ್ಷವಾಯಿತು. ಬಳ್ಳಿ ಮಾತ್ರ ಪ್ರತಿ ಮಳೆಗಾಲ ಚಿಗುರಿ ಮೇಲೆ ಬರುತ್ತದೆ. (ಹಾವೂ ಬರುತ್ತವೆ. ಹೋದ ವರ್ಷ ಅದೇ ದರೆಯಲ್ಲಿ ಕೇರೆ ಹಾವು ಪೊರೆ ಬಿಟ್ಟಿತ್ತು.) ಅತ್ತೆಗೂ ನನಗೂ ಅಷ್ಟೇನೂ ಸರಿಬರುತ್ತಿರಲಿಲ್ಲ. ಆದರೂ ಅವರು ನೆಟ್ಟಿದ್ದರಲ್ಲಿ ಉಳಿದಿರುವುದು ಇದೊಂದೇ, ಹಾಗಾಗಿ ಕಡಿಯಲು ಮನಸ್ಸಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಎಂಟು ದಿನದಿಂದ ಬಳ್ಳಿಗೆ ಹುಳ ಬಿದ್ದಿದೆ. ಏಳು ಇವೆ, ಎಣಿಸಿದ್ದೇನೆ. ಕಡು ಕೆಂಪು, ಹೆಚ್ಚುಕಡಿಮೆ ಹಳೆ ರಕ್ತದ ಬಣ್ಣ. ಮೈತುಂಬ ಮುಳ್ಳು. ಮುಳ್ಳು ಅಂದರೆ ಚುಚ್ಚುವಂಥದ್ದಲ್ಲ, ಮೆತ್ತಗೆ, ಸಣ್ಣ ಸಣ್ಣ ಬೆರಳಿನ ಹಾಗೆ. ನಡು ಮೈಯಲ್ಲಿ ಒಂದು ಬಿಳಿ ಪಟ್ಟಿ, ಯಾರೋ ಸೀಮೆಸುಣ್ಣದಲ್ಲಿ ಓರೆಯಾಗಿ ಗೀಟು ಎಳೆದಂತೆ. ದೊಡ್ಡದನ್ನು ಸ್ಕೇಲ್ ಹಿಡಿದು ಅಳೆದೆ, ಆರು ಸೆಂಟಿಮೀಟರ್ ದಾಟಿದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೋಡಿನಂಥದ್ದು ಹೊರಗೆ ಬಂತು. ಜೊತೆಗೆ ಒಂದು ಕೆಟ್ಟ ವಾಸನೆ. ನಾನು ಕಡ್ಡಿ ಎಸೆದು ಓಡಿದೆ.

ಎಲೆ ಮುಗಿದಿದೆ. ಈಗ ಕಿರುಬೆರಳು ದಪ್ಪದ ಕಾಂಡದ ಸಿಪ್ಪೆಯನ್ನೂ ಕೆರೆಯುತ್ತಿವೆ. ನಮ್ಮವರು ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಪಂಪನ್ನೇ ತಂದು ದರೆ ಕೆಳಗೆ ನಿಲ್ಲಿಸಿಕೊಂಡಿದ್ದಾರೆ. ನಾಳೆ ಮಳೆ ಬಿಡುವು ಕೊಟ್ಟರೆ ಹೊಡೆದೇಬಿಡುತ್ತಾರಂತೆ. ಏನು ಹುಳ ಇದು? ಮೈಗೆ ತಾಗಿದರೆ ತುರಿಕೆ ಬರುತ್ತದಾ? ಬಳ್ಳಿ ಉಳಿಯುತ್ತದಾ?

ಕಾಫಿಬೀಜ, ಜುಲೈ 14

ಬೇವಿನೆಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಹೊಡೆಯಿರಿ ಮೇಡಂ. ಎರಡೇ ಸಲಕ್ಕೆ ಹೋಗುತ್ತದೆ. ಫೋಟೊ ಹಾಕಿದ್ದರೆ ಸರಿಯಾಗಿ ಹೇಳಬಹುದಿತ್ತು.

ಸುಳ್ಯದ ಲೈನ್‌ಮನ್, ಜುಲೈ 14

ಅಕ್ಕಾ, ಮೊದಲು ಭಾವನ ಕೈಯಿಂದ ಪಂಪು ಕೆಳಗಿಡಿಸಿ. ಆಮೇಲೆ ಉಳಿದದ್ದನ್ನು ಓದಿ.

ನೀವು ಹೇಳಿದ ಓರೆ ಬಿಳಿ ಪಟ್ಟಿ, ಆರು ಸೆಂಟಿಮೀಟರ್ ಉದ್ದ, ಈಶ್ವರಿ ಬಳ್ಳಿ. ಈ ಮೂರು ಸೇರಿದರೆ ಅದು ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯ ಮರಿ. ಸಹ್ಯಾದ್ರಿ ಬರ್ಡ್‌ವಿಂಗ್ ಅಂತಲೂ ಕರೆಯುತ್ತಾರೆ. ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ. ಭಾವ ಔಷಧಿ ಹೊಡೆಯಲು ಹೊರಟಿರುವುದು ಅದಕ್ಕೆ!

ನಾನು ಕರೆಂಟು ಕಂಬ ಹತ್ತುವವನು. ಪುಸ್ತಕ ಓದಿ ಚಿಟ್ಟೆ ಕಲಿತವನಲ್ಲ. ಉಳಿದ ಚಿಟ್ಟೆಗಳೆಲ್ಲ ನನ್ನ ಕಾಲ ಕೆಳಗೆ, ಗಿಡದ ಮಟ್ಟದಲ್ಲಿ ಹಾರುತ್ತಿರುತ್ತವೆ. ಕಂಬದ ತುದಿಯಲ್ಲಿ ಬೆಲ್ಟ್ ಕಟ್ಟಿಕೊಂಡು ನಿಂತಾಗ ಕಣ್ಣಿನ ಎತ್ತರಕ್ಕೆ ಬರುವುದು ಇದೊಂದೇ. ಮೊದಲ ಸಲ ನೋಡಿದಾಗ ಯಾವುದೋ ಹಕ್ಕಿ ಅಂದುಕೊಂಡಿದ್ದೆ. ರೆಕ್ಕೆ ಪಟಪಟ ಬಡಿಯುವುದಿಲ್ಲ, ನಾಲ್ಕು ಸಲ ಬೀಸಿ ತೇಲುತ್ತದೆ. ಬೆಳಗ್ಗೆ ಬಿಸಿಲು ಏರುವ ಹೊತ್ತಿಗೆ ಜಾಸ್ತಿ ಕಾಣಿಸುತ್ತದೆ. ಕೇಪಳ, ಲಂಟಾನ ಹೂವಿಗೆ ಇಳಿಯುತ್ತದೆ. ಇಳಿದರೂ ಪೂರ್ತಿ ಕೂರುವುದಿಲ್ಲ. ಮುಂದಿನ ರೆಕ್ಕೆ ನಡುಗಿಸುತ್ತಲೇ ಹೂವಿನ ರಸ ಹೀರುತ್ತದೆ, ಸ್ಟಾರ್ಟ್ ಮಾಡಿಟ್ಟ ಬೈಕಿನ ಹಾಗೆ.

ಮುಂದಿನ ರೆಕ್ಕೆ ಕಪ್ಪು. ಹಿಂದಿನ ರೆಕ್ಕೆ ಅಪ್ಪಟ ಚಿನ್ನದ ಹಳದಿ. ಗಂಡಿಗೆ ಆ ಹಳದಿಯ ಅಂಚಿನಲ್ಲಿ ಮಾತ್ರ ಕಪ್ಪು. ಹೆಣ್ಣಿಗೆ ಅಂಚಿನ ಒಳಗೂ ಕಪ್ಪು ಬೊಟ್ಟುಗಳ ಒಂದು ಸಾಲು ಇರುತ್ತದೆ. ಹೆಣ್ಣೇ ದೊಡ್ಡದು. ಕುತ್ತಿಗೆಯ ಹತ್ತಿರ ಕೆಂಪು. ಹಳದಿ, ಕೆಂಪು ಎರಡೂ ಇರುವುದಕ್ಕೇ ನಮ್ಮ ಬಾವುಟಕ್ಕೆ ಹೊಂದುತ್ತದೆ ಅಂತ ರಾಜ್ಯ ಚಿಟ್ಟೆ ಮಾಡಿದ್ದು.

ಮುಖ್ಯ ಮಾತು ಇದು. ಈ ಚಿಟ್ಟೆಯ ಮರಿ ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ನೆಂಟರನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಪಕ್ಕದಲ್ಲಿ ಬಸಳೆ ಇದ್ದರೂ ಹಸಿದು ಸಾಯುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ. ಹಾಗಾಗಿ ನಿಮ್ಮ ಅಡಿಕೆಗೆ, ಕಾಳುಮೆಣಸಿಗೆ, ತರಕಾರಿಗೆ ಯಾವ ಅಪಾಯವೂ ಇಲ್ಲ. ಬಳ್ಳಿ ತುಂಬ ಕಹಿ, ವಿಷವೂ ಹೌದು. ಮರಿ ಆ ವಿಷವನ್ನು ತಿಂದು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಅದು ಚಿಟ್ಟೆಯಾದ ಮೇಲೂ ಮೈಯಲ್ಲಿ ಉಳಿಯುತ್ತದೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ಹತ್ತಿರ ಹೋಗುವುದಿಲ್ಲ. ಅಷ್ಟು ಢಾಳಾದ ಬಣ್ಣ ಹಾಕಿಕೊಂಡು ಅಷ್ಟು ನಿಧಾನಕ್ಕೆ ಹಾರುವ ಧೈರ್ಯ ಅದಕ್ಕೆ ಬಂದಿದ್ದು ಇಲ್ಲಿಂದಲೇ, ನಿಮ್ಮ ಅತ್ತೆಯ ಬಳ್ಳಿಯಿಂದ.

ಮುಟ್ಟಿದರೆ ತುರಿಕೆ ಇಲ್ಲ. ಇದು ಕಂಬಳಿಹುಳ ಅಲ್ಲ, ರೋಮವೇ ಇಲ್ಲ. ಆ ಕೋಡು ಸುಮ್ನೆ ಹೆದರಿಸಲಿಕ್ಕೆ. ನಿಂಬೆ ಗಿಡದ ಹಸಿರು ಹುಳಕ್ಕೂ ಅಂಥದ್ದೇ ಕೋಡು ಇರುತ್ತದೆ, ನೋಡಿರುತ್ತೀರಿ.

ಕಾಂಡದ ಸಿಪ್ಪೆ ಕೆರೆಯುವುದು ಬರ್ಡ್‌ವಿಂಗ್ ಮರಿಗಳ ಚಾಳಿ. ದೊಡ್ಡದಾದ ಮೇಲೆ ಬಳ್ಳಿಯನ್ನು ಸುತ್ತಲೂ ಕೊರೆದುಬಿಡುತ್ತವೆ. ಹೆದರಬೇಡಿ, ಬೇರು ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ. ಒಂದೇ ಚಿಂತೆ ಅಂದರೆ ಎಲೆ ಮುಗಿದಿದೆ ಅಂದಿರಿ. ಏಳು ಮರಿಗೆ ಒಂದು ಬಳ್ಳಿ ಸಾಲದು. ಹತ್ತಿರದ ಬೇಲಿಯಲ್ಲೋ ಸೊಪ್ಪಿನ ಬೆಟ್ಟದಲ್ಲೋ ಇನ್ನೊಂದು ಬಳ್ಳಿ ಇದೆಯಾ ನೋಡಿ. ಇದ್ದರೆ ಸಣ್ಣ ಮರಿಗಳನ್ನು ಎಲೆ ಸಮೇತ ಎತ್ತಿ ಅಲ್ಲಿ ಬಿಡಿ. ಕೈಯಿಂದ ಕಿತ್ತು ತೆಗೆಯಬೇಡಿ, ಕಾಲು ಬಿಗಿಯಾಗಿ ಹಿಡಿದುಕೊಂಡಿರುತ್ತವೆ.

ಇನ್ನೊಂದು. ಕೊಳೆ ಔಷಧಿ ಅಂದರೆ ಮೈಲುತುತ್ತ ಮತ್ತು ಸುಣ್ಣ. ಅದು ಬೂಷ್ಟಿಗೆ, ಹುಳಕ್ಕಲ್ಲ. ಭಾವನಿಗೆ ಗೊತ್ತಿಲ್ಲದ್ದೇನಲ್ಲ, ಸಿಟ್ಟಿನಲ್ಲಿ ಪಂಪು ತಂದಿರಬೇಕು.

ಕಾಫಿಬೀಜ, ಜುಲೈ 15

ನನ್ನ ಬೇವಿನೆಣ್ಣೆ ವಾಪಸ್ ತೆಗೆದುಕೊಂಡಿದ್ದೇನೆ. ಆದರೆ ಒಂದು ಪ್ರಶ್ನೆ. ನಮ್ಮ ತೋಟದ ಈಶ್ವರಿ ಬಳ್ಳಿಯಲ್ಲೂ ಕೆಂಪು ಹುಳ ಆಗುತ್ತವೆ, ಆದರೆ ಅದರಿಂದ ಬರುವುದು ಬೇರೆ ಚಿಟ್ಟೆ. ಕಪ್ಪು ರೆಕ್ಕೆ, ಕೆಂಪು ಚುಕ್ಕೆ, ಬಾಲ ಇದೆ. ಇಷ್ಟು ದೊಡ್ಡದೂ ಅಲ್ಲ.

ಸುಳ್ಯದ ಲೈನ್‌ಮನ್, ಜುಲೈ 15

ಸರಿಯಾಗಿ ನೋಡಿದ್ದೀರಿ ಅಣ್ಣಾ. ಆ ಬಳ್ಳಿಗೆ ಮೂರು ಗಿರಾಕಿಗಳು. ಬರ್ಡ್‌ವಿಂಗ್, ಕ್ರಿಮ್ಸನ್ ರೋಸ್, ಕಾಮನ್ ರೋಸ್. ಕ್ರಿಮ್ಸನ್ ರೋಸ್ ಮರಿಗೆ ಬಿಳಿ ಪಟ್ಟಿ ಇರುವುದಿಲ್ಲ, ಮುಳ್ಳು ಕಿತ್ತಳೆಗೆಂಪು. ಕಾಮನ್ ರೋಸ್ ಮರಿಗೆ ಪಟ್ಟಿ ಇದೆ, ಆದರೆ ಗಾತ್ರ ಬರ್ಡ್‌ವಿಂಗ್ ಮರಿಗಿಂತ ತುಂಬ ಸಣ್ಣದು. ಮೊದಮೊದಲು ನಾನೂ ಗೊಂದಲ ಮಾಡಿಕೊಂಡಿದ್ದೆ. ಅದಕ್ಕೇ ಅಕ್ಕ ಸ್ಕೇಲ್ ಹಿಡಿದು ಅಳೆದದ್ದು ನೋಡಿ ಖುಷಿಯಾಯಿತು. ಟೀಚರು ಟೀಚರೇ.

ನಿಮ್ಮ ತೋಟದ್ದು ದೊಡ್ಡ ಚಿಟ್ಟೆ ಆದಾಗ ಹೊಟ್ಟೆಯ ಬಣ್ಣ ನೋಡಿ. ಕೆಂಪಿದ್ದರೆ ನಿಜವಾದ ರೋಸ್. ಕಪ್ಪಿದ್ದರೆ ಅದು ವೇಷ. ಕಾಮನ್ ಮಾರ್ಮನ್ ಅಂತ ಇನ್ನೊಂದು ಚಿಟ್ಟೆ ಇದೆ, ಅದರ ಮರಿ ಕರಿಬೇವು, ನಿಂಬೆ ತಿನ್ನುವುದು. ಮೈಯಲ್ಲಿ ವಿಷವಿಲ್ಲ. ಅದರ ಹೆಣ್ಣುಗಳಲ್ಲಿ ಕೆಲವು ಗಂಡಿನ ಹಾಗೆಯೇ ಇರುತ್ತವೆ, ಕೆಲವು ಕಾಮನ್ ರೋಸ್ ವೇಷ, ಕೆಲವು ಕ್ರಿಮ್ಸನ್ ರೋಸ್ ವೇಷ. ರೆಕ್ಕೆಗೆ ಬಣ್ಣ ಹಚ್ಚಿಕೊಳ್ಳುತ್ತವೆ, ಹೊಟ್ಟೆಗೆ ಹಚ್ಚುವುದು ಮರೆತುಬಿಡುತ್ತವೆ. ನಮ್ಮ ಕಡೆ ಯಕ್ಷಗಾನ ಮುಗಿದ ಬೆಳಗ್ಗೆ ಚೌಕಿಯಲ್ಲಿ ನೋಡಿ, ಮುಖದ ಬಣ್ಣ ಹಾಗೇ ಇರುತ್ತದೆ, ಕೆಳಗೆ ಬರೀ ಲುಂಗಿ.

ಪೇಟೆ ಹುಡುಗ, ಜುಲೈ 15

ಈ ವೇಷದ ವಿಷಯ ನನಗೆ ಗೊತ್ತು! ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿರುವ ಕೃಷ್ಣಮೇಘ ಕುಂಟೆ ಮತ್ತು ಜೊತೆಗಾರರು 2014ರಲ್ಲಿ ಅದರ ಗುಟ್ಟು ಹೇಳಿದರು. ಡಬಲ್‌ಸೆಕ್ಸ್ ಅನ್ನುವ ಒಂದೇ ಒಂದು ಜೀನ್. ಕೀಟಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ರೂಪ ಕೊಡುವ ಜೀನ್ ಅದು. ಮಾರ್ಮನ್ ಹೆಣ್ಣಿನಲ್ಲಿ ಅದೇ ಜೀನ್ ವೇಷವನ್ನೂ ನೋಡಿಕೊಳ್ಳುತ್ತದೆ.

ಲೈನ್‌ಮನ್ ಸರ್, ಬರ್ಡ್‌ವಿಂಗ್ ಭಾರತದ ಅತಿ ದೊಡ್ಡ ಚಿಟ್ಟೆ ಅಲ್ವಾ? ನೀವು ಅದನ್ನು ಹೇಳಲೇ ಇಲ್ಲ.

ನನ್ನದೂ ಒಂದು ದುಃಖ. ಟೆರೇಸಿಗೆ ನರ್ಸರಿಯಿಂದ ಈಶ್ವರಿ ಬಳ್ಳಿ ಅಂತ ಹೇಳಿ ಒಂದು ಕುಂಡ ತಂದೆ. ಹೂ ದೊಡ್ಡದು, ಬಿಳಿಯ ಮೇಲೆ ಕಂದು ಚಿತ್ತಾರ. ಕೆಂಪು ಹೊಟ್ಟೆಯ ಚಿಟ್ಟೆ ಬಂದು ಮೊಟ್ಟೆ ಇಟ್ಟಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮರಿ ಹೊರಬಂದು ಎರಡು ಮೂರು ದಿನಕ್ಕೆ ಎಲ್ಲ ಸತ್ತವು. ಎರಡು ಸಲ ಹೀಗೇ ಆಯಿತು.

ಸುಳ್ಯದ ಲೈನ್‌ಮನ್, ಜುಲೈ 16

ತಮ್ಮಾ, ಆ ಪಟ್ಟ ಈಗ ಇಲ್ಲ. 1932ರಲ್ಲಿ ಬ್ರಿಗೇಡಿಯರ್ ಇವಾನ್ಸ್ ದಾಖಲಿಸಿದ 190 ಮಿಲಿಮೀಟರಿನ ಸದರ್ನ್ ಬರ್ಡ್‌ವಿಂಗ್ ಎಂಬತ್ತೆಂಟು ವರ್ಷ ಮೊದಲ ಸ್ಥಾನದಲ್ಲಿತ್ತು. 2020ರಲ್ಲಿ ಉತ್ತರಾಖಂಡದ ದೀದೀಹಾಟ್‌ನ ಒಂದು ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣು 194 ಮಿಲಿಮೀಟರ್ ಅಂತ ವರದಿಯಾಯಿತು. ನಾಲ್ಕು ಮಿಲಿಮೀಟರಿಗೆ ಹೋಯಿತು! ನನಗಂತೂ ಸ್ವಲ್ಪ ಬೇಜಾರೇ ಆಯಿತು. ಆದರೆ ದಕ್ಷಿಣದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆ ಹಿಮಾಲಯದ್ದು ಬೇರೆ ಕಡೆಯೂ ಇದೆ. ನಮ್ಮದು ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ನನ್ನ ಲೆಕ್ಕದಲ್ಲಿ ಅದು ನಾಲ್ಕು ಮಿಲಿಮೀಟರಿಗಿಂತ ದೊಡ್ಡ ವಿಷಯ.

ನಿಮ್ಮ ಕುಂಡದ್ದು ಈಶ್ವರಿ ಅಲ್ಲ. ಈಶ್ವರಿಯ ಹೂ ಸಣ್ಣದು, ಮಾಸಲು ಹಸಿರು, ಬಾಯಿಯ ಹತ್ತಿರ ಕಂದು ನೇರಳೆ. ನಿಮ್ಮದು ದಕ್ಷಿಣ ಅಮೆರಿಕದಿಂದ ಬಂದ ಅಲಂಕಾರದ ಬಳ್ಳಿ ಅನ್ನಿಸುತ್ತದೆ, ಅದೇ ಕುಲದ್ದು. ವಾಸನೆ ಒಂದೇ ಥರ, ಹಾಗಾಗಿ ತಾಯಿ ಚಿಟ್ಟೆ ಮೋಸ ಹೋಗುತ್ತದೆ. ಆದರೆ ಅದರ ವಿಷ ಇಲ್ಲಿನ ಮರಿಗಳಿಗೆ ಒಗ್ಗಿದ್ದಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಅನ್ನುವ ಚಿಟ್ಟೆ ಇದೇ ಬಳ್ಳಿಯಿಂದ ಬಹಳ ಪೆಟ್ಟು ತಿಂದಿದೆ. ಅಲ್ಲಿ ಅದನ್ನು ಕಿತ್ತು ಹಾಕಿ, ಊರಿನದೇ ಬಳ್ಳಿಯನ್ನು ಶಾಲೆ ಅಂಗಳಗಳಲ್ಲಿ ನೆಟ್ಟರು. ನೀವೂ ಕಿತ್ತುಬಿಡಿ. ಚಂದದ ಹೂ ಅಂತ ಉಳಿಸಿಕೊಂಡರೆ ಪ್ರತಿ ವರ್ಷ ಅಷ್ಟೂ ಮೊಟ್ಟೆ ದಂಡ.

ನರ್ಸ್ ಮನೆ, ಜುಲೈ 17

ಚಿಟ್ಟೆ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ಈ ಮಾತು ಓದಿದವರು ಯಾರೂ "ಈಶ್ವರಿ ಬೇರು ಹಾವಿನ ವಿಷಕ್ಕೆ ಒಳ್ಳೆಯದಂತೆ" ಅಂತ ಅರೆದು ಕುಡಿಯಲು ಹೋಗಬೇಡಿ. ಈ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ. ಅದು ಮೂತ್ರಪಿಂಡ ಹಾಳು ಮಾಡುತ್ತದೆ, ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಇದೇ ಕುಲದ ಚೀನಾ ಗಿಡ ತಪ್ಪಾಗಿ ಸೇರಿಹೋಯಿತು. ಸುಮಾರು ನೂರು ಹೆಂಗಸರ ಕಿಡ್ನಿ ಕೆಟ್ಟಿತು. ಡ್ಯಾನ್ಯೂಬ್ ನದಿ ಬಯಲಿನ ಹಳ್ಳಿಗಳಲ್ಲಿ ಗೋಧಿ ಹೊಲದ ಕಳೆಯಾಗಿ ಬೆಳೆಯುತ್ತಿದ್ದ ಇದರ ನೆಂಟನೇ ತಲೆಮಾರುಗಳ ಕಾಲ ಕಿಡ್ನಿ ಕಾಯಿಲೆ ತಂದದ್ದು. ಹಿಟ್ಟಿನ ಜೊತೆ ಬೀಜ ಬೆರೆತು ಹೋಗುತ್ತಿತ್ತು.

ಹಾವು ಕಚ್ಚಿದರೆ ನೇರ ಆಸ್ಪತ್ರೆ. ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು. ಬೇರು ಅರೆಯುತ್ತಾ ಒಂದು ಗಂಟೆ ಕಳೆದು ಬಂದವರನ್ನು ನೋಡಿದ್ದೇನೆ. ಇಷ್ಟೇ ನನ್ನ ಮಾತು. ಬಳ್ಳಿ ಹುಳಕ್ಕಿರಲಿ.

ಬೈಲುಮನೆ ಅಕ್ಕ, ಜುಲೈ 19

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪಂಪು ಕೊಟ್ಟಿಗೆಗೆ ಹೋಯಿತು. "ರಾಜ್ಯ ಚಿಟ್ಟೆಯಂತೆ" ಅಂದದ್ದಕ್ಕೆ ನಮ್ಮವರು "ಹಾಗಾದರೆ ಸರ್ಕಾರದವರೇ ಬಂದು ಎಲೆ ಹಾಕಲಿ" ಅಂದರು. ಆದರೆ ಮರುದಿನ ಬೆಟ್ಟಕ್ಕೆ ಸೊಪ್ಪಿಗೆ ಹೋದವರು ಬರುವಾಗ ಒಂದು ಹಿಡಿ ಈಶ್ವರಿ ಕುಡಿ ತಂದು ಅಡುಗೆಮನೆ ಕಟ್ಟೆ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ.

ಏಳರಲ್ಲಿ ಮೂರನ್ನು ಬೆಟ್ಟದ ಬಳ್ಳಿಗೆ ಬಿಟ್ಟು ಬಂದಿದ್ದೇವೆ. ಎರಡು ಕಾಣಿಸುತ್ತಿಲ್ಲ. ಉಳಿದ ಎರಡಕ್ಕೆ ದಿನಾ ಎಲೆ ತರಿಸುತ್ತಿದ್ದೇನೆ. ತಿನ್ನುವ ಸದ್ದು ಕೇಳಿಸುತ್ತದೆ ಅಂದರೆ ನಂಬುತ್ತೀರಾ? ರಾತ್ರಿ ಮಳೆ ನಿಂತಾಗ ಬಚ್ಚಲ ಕಿಟಕಿಯಲ್ಲಿ ಕಿವಿ ಇಟ್ಟರೆ ಕರ್ ಕರ್ ಅನ್ನುತ್ತದೆ.

ಬೈಲುಮನೆ ಅಕ್ಕ, ಆಗಸ್ಟ್ 22

ಇಷ್ಟು ದಿನ ಬರೆಯಲಾಗಲಿಲ್ಲ. ಜುಲೈ 26ಕ್ಕೆ ಒಂದು ಮರಿ ತಿನ್ನುವುದು ಬಿಟ್ಟು ದರೆಯಿಂದ ಬಚ್ಚಲಿನ ಗೋಡೆ ಹತ್ತಿತು. ಎರಡು ದಿನ ಅಲ್ಲಿ ಇಲ್ಲಿ ತಿರುಗಿ ಕೊನೆಗೆ ಹಳೆ ಬಟ್ಟೆ ಹಗ್ಗಕ್ಕೆ ಅಂಟಿಕೊಂಡಿತು. ಬಾಲ ಕೆಳಗೆ, ತಲೆ ಮೇಲೆ, ಸೊಂಟಕ್ಕೆ ಒಂದು ನೂಲಿನ ಪಟ್ಟಿ. ಅಡಿಕೆ ಮರದಲ್ಲಿ ಕೊನೆಗಾರರು ಕೂರುವ ಹಾಗೆಯೇ! ಮರುದಿನ ಮುಳ್ಳಿನ ಚರ್ಮ ಕಳಚಿ ಕೋಶವಾಗಿತ್ತು. ಒಣಗಿ ಸುರುಟಿದ ಎಲೆಯ ಹಾಗೆ, ಕಂದು. ಗೊತ್ತಿಲ್ಲದವರು ಕಸ ಅಂತ ಗುಡಿಸಿಬಿಡುತ್ತಾರೆ. ಹಗ್ಗದ ಮೇಲೆ ಬಟ್ಟೆ ಒಣಗಿಸುವುದು ಬಂದ್ ಆಯಿತು. ಮಳೆಗಾಲದಲ್ಲಿ ಅದೆಷ್ಟು ಕಷ್ಟ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ಮರಿ ದರೆಯ ಜರಿಗಿಡದ ಒಳಗೆ ಕೋಶ ಕಟ್ಟಿತ್ತು. ಅದರಲ್ಲಿ ಮೊನ್ನೆ ಸೂಜಿ ತೂರುವಷ್ಟು ಸಣ್ಣ ತೂತು ನೋಡಿದೆ. ಒಳಗೆ ಟೊಳ್ಳು.

ಹಗ್ಗದ್ದು ಆಗಸ್ಟ್ 19ರ ಬೆಳಗ್ಗೆ ಒಡೆಯಿತು. ಇಪ್ಪತ್ತೆರಡು ದಿನ. ನಾನು ಕಾಫಿ ಸೋಸುತ್ತಿದ್ದೆ, ನಮ್ಮವರೇ ಕೂಗಿದ್ದು. ಹೋಗಿ ನೋಡಿದರೆ ರೆಕ್ಕೆ ಒದ್ದೆ ಕರವಸ್ತ್ರದ ಹಾಗೆ ಜೋತು ಬಿದ್ದಿತ್ತು. ನನಗೆ ಹೆದರಿಕೆಯಾಯಿತು, ಏನೋ ಊನ ಅಂತ. ನೋಡುತ್ತಾ ನೋಡುತ್ತಾ ಮಡಿಕೆಗಳೆಲ್ಲ ಬಿಚ್ಚಿಕೊಂಡವು. ಹಳದಿಯ ಮೇಲೆ ಕಪ್ಪು ಬೊಟ್ಟಿನ ಸಾಲು ಇತ್ತು, ಅಂದರೆ ಹೆಣ್ಣು. ಸ್ಕೇಲ್ ಹಿಡಿಯಲು ಹೋಗಲಿಲ್ಲ. ನಮ್ಮವರ ಅಂಗೈ ಪಕ್ಕ ಇಟ್ಟು ನೋಡಿದೆವು. ಅವರದು ತೋಟದ ಕೆಲಸದ ಕೈ, ದೊಡ್ಡದೇ. ಚಿಟ್ಟೆ ಎರಡೂ ಕಡೆ ಹೊರಗಿತ್ತು.

ಒಂಬತ್ತೂವರೆಗೆ ಬಿಸಿಲು ಬಂತು. ಎರಡು ಸಲ ರೆಕ್ಕೆ ಬೀಸಿ ನೇರ ಮೇಲೆ. ಅಡಿಕೆ ಕೊನೆಯ ಎತ್ತರಕ್ಕೆ ಹೋಗಿ ಕಾಣದಾಯಿತು. ಲೈನ್‌ಮನ್ ತಮ್ಮಾ, ನೀವು ಹೇಳಿದ್ದು ಸರಿ. ಅಷ್ಟು ವರ್ಷ ತೋಟದಲ್ಲಿದ್ದೂ ನಾನು ನೋಡಿರಲಿಲ್ಲ, ಯಾಕೆಂದರೆ ತಲೆ ಎತ್ತಿರಲಿಲ್ಲ.

ಸುಳ್ಯದ ಲೈನ್‌ಮನ್, ಆಗಸ್ಟ್ 22

ಆ ತೂತಿನದು ಸಣ್ಣ ಕಣಜದ ಕೆಲಸ ಇರಬೇಕು ಅಕ್ಕಾ. ಕೋಶದೊಳಗೆ ಮೊಟ್ಟೆ ಇಡುತ್ತವೆ, ಅವುಗಳ ಮರಿ ಒಳಗಿನಿಂದ ತಿನ್ನುತ್ತವೆ. ಹಕ್ಕಿಯನ್ನು ಹೆದರಿಸುವ ವಿಷ ಕಣಜಕ್ಕೆ ಲೆಕ್ಕಕ್ಕಿಲ್ಲ.

ಏಳರಲ್ಲಿ ಒಂದು ನಿಮ್ಮ ಕಣ್ಣೆದುರು ಹಾರಿತಲ್ಲ, ಅದೇ ದೊಡ್ಡದು. ಹೆಣ್ಣು ಬೇರೆ. ಮೊಟ್ಟೆ ಇಡಲು ಈಶ್ವರಿ ಹುಡುಕಿಕೊಂಡು ಬರುತ್ತದೆ. ಒಂದು ಎಲೆಯಡಿ ಒಂದೇ ಮೊಟ್ಟೆ, ಕಿತ್ತಳೆ ಬಣ್ಣದ ಸಣ್ಣ ಗುಂಡು. ಬಳ್ಳಿ ಚಿಗುರಿದೆಯಾ?

ಬೈಲುಮನೆ ಅಕ್ಕ, ಡಿಸೆಂಬರ್ 8

ಚಿಗುರಿತು ತಮ್ಮಾ. ಹೂವೂ ಬಂತು. ಸಣ್ಣ ಹೂಜಿಯ ಹಾಗಿತ್ತು. ಒಂದನ್ನು ಸೀಳಿ ನೋಡಿದೆ. ಕೊಳವೆಯ ಒಳಗೆ ಕೂದಲು, ತಳದ ಬುರುಡೆಯಲ್ಲಿ ಎರಡು ನೊಣ ಸಿಕ್ಕಿಕೊಂಡಿದ್ದವು, ಬದುಕಿದ್ದವು. ಮೊಮ್ಮಗಳು ಇಂಟರ್‌ನೆಟ್ಟಿನಲ್ಲಿ ಹುಡುಕಿ ಹೇಳಿದಳು, ಅದು ಅವುಗಳನ್ನು ತಿನ್ನುವುದಿಲ್ಲವಂತೆ. ಕೂದಲು ಬಾಡುವವರೆಗೆ ಕೂಡಿಹಾಕಿ, ಪರಾಗ ಹಚ್ಚಿ ಕಳಿಸುತ್ತದಂತೆ.

ಈಗ ಕಾಯಿ ಬಲಿತು ಒಡೆದಿವೆ. ತಲೆಕೆಳಗಾದ ಛತ್ರಿಗೆ ದಾರ ಕಟ್ಟಿ ನೇತು ಹಾಕಿದ ಹಾಗಿದೆ. ಒಳಗೆ ತೆಳ್ಳನೆ ಬೀಜ, ಊದಿದರೆ ಹಾರುತ್ತದೆ. ನಮ್ಮವರು ತೋಟದ ಬೇಲಿಯುದ್ದಕ್ಕೂ ಹಾಕುತ್ತೇನೆ ಅಂತ ಒಂದಷ್ಟು ಕಾಗದದಲ್ಲಿ ಕಟ್ಟಿಟ್ಟಿದ್ದಾರೆ. ಮೇಲೆ ಪೆನ್ನಿನಲ್ಲಿ "ಅಮ್ಮನ ಬಳ್ಳಿ" ಅಂತ ಬರೆದಿದ್ದಾರೆ. ಇನ್ನೂ ಮಿಕ್ಕಿವೆ. ಯಾರಿಗೆ ಬೇಕು ಹೇಳಿ.

ಪೇಟೆ ಹುಡುಗ, ಡಿಸೆಂಬರ್ 8

ನನಗೆ ಬೇಕು ಆಂಟಿ! ಆ ಹಳೆ ಬಳ್ಳಿ ಕಿತ್ತಿದ್ದೇನೆ, ಕುಂಡ ಖಾಲಿ ಇದೆ.

ಕಾಫಿಬೀಜ, ಡಿಸೆಂಬರ್ 9

ನಮ್ಮಲ್ಲಿ ಬಳ್ಳಿ ಇದೆ, ಬೀಜ ಬೇಡ. ಹೊಟ್ಟೆ ನೋಡಿದೆ ಲೈನ್‌ಮನ್ ಅವರೇ. ಕೆಂಪು.